ರೆಪೋದಲ್ಲಿ ಪೇಪರ್ ಉಲ್ಲೇಖ: ಹೆಸರು ಕೆಡದಂತೆ ಬರೆಯೋದು ಹೇಗೆ?

ವಿದ್ಯಾರ್ಥಿಗಳ ಪ್ರಾಜೆಕ್ಟ್ ರೆಪೋ ತೆರೆದರೆ ಸಾಮಾನ್ಯವಾಗಿ ಕಾಣೋದು ಇದು: ರೀಡ್‌ಮಿ ಫೈಲಿನ ತುದಿಯಲ್ಲಿ 'ರೆಫರೆನ್ಸಸ್' ಅಂತ ತಲೆಬರಹ, ಕೆಳಗೆ ನಾಲ್ಕೈದು ಬರೀ ಲಿಂಕುಗಳು. ಯಾವ ಲಿಂಕು ಯಾವ ಫಂಕ್ಷನ್ನಿಗೆ ಸೇರಿದ್ದು ಅಂತ ಗೊತ್ತಾಗಲ್ಲ. ಲಿಂಕ್ ಕೆಲಸ ಮಾಡದೆ ಹೋದ ದಿನ, ಕೋಡಿನಲ್ಲಿರುವ ಫಾರ್ಮುಲಾ ಎಲ್ಲಿಂದ ಬಂತು ಅಂತ ಮುಂದಿನ ಬ್ಯಾಚಿನವರು ಹುಡುಕುವ ದಾರಿಯೂ ಮುಚ್ಚಿಹೋಗುತ್ತೆ.

ಪೈಥಾನ್‌ನಲ್ಲಿ ಇದಕ್ಕೆ ಒಂದು ಒಳ್ಳೆಯ ರೂಢಿ ಇದೆ. ನಂಪೈ, ಸೈಪೈ ತಂಡಗಳು ಪಾಲಿಸುವ 'ನಂಪೈಡಾಕ್' ಶೈಲಿಯಲ್ಲಿ ಪ್ರತಿ ಫಂಕ್ಷನ್ನಿನ ಡಾಕ್‌ಸ್ಟ್ರಿಂಗ್ ಒಳಗೇ 'ರೆಫರೆನ್ಸಸ್' ಅನ್ನೋ ವಿಭಾಗ ಇರಬಹುದು. ಸಂಖ್ಯೆ 1ರಿಂದ ಶುರು, ಉಲ್ಲೇಖ ಬಂದ ಕ್ರಮದಲ್ಲೇ ಮುಂದುವರಿಯುತ್ತೆ. ಇವತ್ತಿದ್ದು ನಾಳೆ ಮಾಯವಾಗುವ ವೆಬ್ ಪುಟಗಳನ್ನು ಆಕರವಾಗಿ ಕೊಡಬೇಡಿ ಅಂತಲೂ ಆ ಮಾರ್ಗಸೂಚಿ ಹೇಳುತ್ತೆ. ಹಾಗೇ, ಪೇಪರ್ ಓದದಿದ್ದರೂ ಡಾಕ್‌ಸ್ಟ್ರಿಂಗ್ ಅರ್ಥ ಆಗಬೇಕು ಅನ್ನೋದು ಇನ್ನೊಂದು ಸೂಚನೆ. ನಮಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತೆ.

ಇನ್ನು ಉಲ್ಲೇಖದಲ್ಲಿ ಏನೇನಿರಬೇಕು? ನಂಪೈ ಬಗ್ಗೆಯೇ ಇರುವ ಪೇಪರನ್ನು ನೋಡೋಣ: ಸಿ. ಆರ್. ಹ್ಯಾರಿಸ್ ಮತ್ತಿತರರು, 'ಅರೇ ಪ್ರೋಗ್ರಾಮಿಂಗ್ ವಿತ್ ನಂಪೈ', ನೇಚರ್, ಸಂಪುಟ 585, ಪುಟ 357–362, 2020. ಇದರ ಲೇಖಕರು 26 ಜನ. ಐಟ್ರಿಪಲ್‌ಇ ಶೈಲಿಯಲ್ಲಿ ಆರಕ್ಕಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರ ಹೆಸರಿನ ಮುಂದೆ 'ಎಟ್ ಆಲ್' ಹಾಕಿದರೆ ಸಾಕು. ಕೊನೆಗೆ ಡಿಒಐ ಬೇಕೇ ಬೇಕು. ಪ್ರಕಾಶಕರ ವೆಬ್‌ಸೈಟ್ ಬದಲಾದರೂ ಡಿಒಐ ಬದಲಾಗಲ್ಲ. ಹೊಸ ವಿಳಾಸವನ್ನು ಅದಕ್ಕೆ ಜೋಡಿಸೋದು ಪ್ರಕಾಶಕರ ಜವಾಬ್ದಾರಿ. ಒಂದು ಮಾತು: ಪೇಪರ್ ಹೆಸರು ಬರೆದರೆ ನೀವು ಬಳಸಿದ ವರ್ಷನ್ ಯಾವುದು ಅಂತ ತಿಳಿಯಲ್ಲ. ಅದನ್ನು ಬೇರೆಯಾಗಿಯೇ ಬರೆಯಬೇಕು.

ಹೆಚ್ಚು ಎಡವಟ್ಟಾಗೋದು ಬಿಬ್‌ಟೆಕ್‌ನಲ್ಲಿ. ಐಟ್ರಿಪಲ್‌ಇ ಶೈಲಿ ಪೇಪರಿನ ಶೀರ್ಷಿಕೆಯ ದೊಡ್ಡಕ್ಷರಗಳನ್ನೆಲ್ಲ ಚಿಕ್ಕದು ಮಾಡಿಬಿಡುತ್ತೆ. ಪೈಥಾನ್‌ನ 'ಪಿ', ನಂಪೈನ 'ಎನ್' ಎಲ್ಲ ಚಿಕ್ಕಕ್ಷರವಾಗಿ ಪ್ರಿಂಟ್ ಆಗುತ್ತವೆ. ಆ ಪದಕ್ಕೆ ಪುಷ್ಪಾವರಣ ಹಾಕಿದರೆ ಹಾಗೇ ಉಳಿಯುತ್ತೆ. ಲೇಖಕರ ಹೆಸರುಗಳ ನಡುವೆ ಕಾಮಾ ಹಾಕಬಾರದು, 'ಆ್ಯಂಡ್' ಅಂತಲೇ ಬರೀಬೇಕು.

ಕಾಮಾ ಬೇಕಾಗೋದು ಇನ್ನೊಂದು ಕಡೆ, ನಮ್ಮ ಹೆಸರುಗಳಿಗೆ. ಕಾಮಾ ಇಲ್ಲದಿದ್ದರೆ ಬಿಬ್‌ಟೆಕ್ ಹೆಸರಿನ ಕೊನೆಯ ಪದವನ್ನೇ ಸರ್‌ನೇಮ್ ಅಂದುಕೊಳ್ಳುತ್ತೆ. 'ಸಿ. ಎನ್. ಆರ್. ರಾವ್' ಅಂದರೆ ತೊಂದರೆ ಇಲ್ಲ, ಸರ್‌ನೇಮ್ ರಾವ್. ಆದರೆ ಮಾರ್ಕ್ಸ್ ಕಾರ್ಡಿನಲ್ಲಿರುವಂತೆ 'ಮಂಜುನಾಥ ಕೆ ಎಸ್' ಅಂತ ಬರೆದರೆ? ಸರ್‌ನೇಮ್ 'ಎಸ್' ಆಗುತ್ತೆ, ಮಂಜುನಾಥ ಬರೀ 'ಎಂ' ಆಗ್ತಾನೆ. ಪ್ರಿಂಟಾಗೋದು 'ಎಂ. ಕೆ. ಎಸ್'. ಅಪ್ಪನ ಹೆಸರು, ಊರಿನ ಹೆಸರು ಉಳಿದು, ಕೋಡ್ ಬರೆದವನೇ ಕಾಣೆ! ಇದಕ್ಕೆ ಮದ್ದು ಒಂದೇ ಕಾಮಾ: 'ಮಂಜುನಾಥ, ಕೆ. ಎಸ್.' ಅಂತ ಬರೆದರೆ 'ಕೆ. ಎಸ್. ಮಂಜುನಾಥ' ಅಂತ ಸರಿಯಾಗಿ ಬರುತ್ತೆ. ಬೇರೆಯವರ ಪೇಪರ್ ಉಲ್ಲೇಖಿಸುವಾಗಲೂ ಇದನ್ನು ನೋಡಿಕೊಳ್ಳಿ. ವೆಬ್‌ಸೈಟಿನಿಂದ ಕಾಪಿ ಮಾಡಿದ ಬಿಬ್‌ಟೆಕ್ ಸರಿಯಾಗಿಯೇ ಇರುತ್ತೆ ಅಂತ ನಂಬೋ ಹಾಗಿಲ್ಲ. ಕರ್ನಾಟಕ, ತಮಿಳುನಾಡು ಕಡೆಯ ಲೇಖಕರ ಹೆಸರಿದ್ದರಂತೂ ಪೇಪರಿನ ಮೊದಲ ಪುಟ ತೆಗೆದು ಹೋಲಿಸೋದು ಒಳ್ಳೇದು.

ನಿಮ್ಮ ರೆಪೋವನ್ನು ಬೇರೆಯವರು ಹೇಗೆ ಉಲ್ಲೇಖಿಸಬೇಕು ಅಂತ ನೀವೇ ಹೇಳಬಹುದು. ಅದಕ್ಕೆ 'ಸೈಟೇಶನ್ ಡಾಟ್ ಸಿಎಫ್‌ಎಫ್' ಅನ್ನೋ ಫೈಲ್ ಇದೆ. 2021ರಿಂದ ಗಿಟ್‌ಹಬ್ ಇದನ್ನು ಓದುತ್ತೆ. ಫಾರ್ಮ್ಯಾಟಿನ ವರ್ಷನ್, ಒಂದು ಸಂದೇಶ, ಶೀರ್ಷಿಕೆ, ಲೇಖಕರು, ಇಷ್ಟು ಕಡ್ಡಾಯ. ಪೇಪರ್ ಪ್ರಕಟವಾಗಿದ್ದರೆ 'ಪ್ರಿಫರ್ಡ್ ಸೈಟೇಶನ್' ಅಂತ ಅದರ ವಿವರವನ್ನೂ ಸೇರಿಸಬಹುದು. ಇಲ್ಲೂ 'ಫ್ಯಾಮಿಲಿ ನೇಮ್', 'ಗಿವನ್ ನೇಮ್' ಅಂತ ಎರಡು ಜಾಗ ಇವೆ. ಮನೆತನದ ಹೆಸರೇ ಇಲ್ಲದವರು ಮೊದಲನೆಯದರಲ್ಲಿ ಸ್ವಂತ ಹೆಸರು, ಎರಡನೆಯದರಲ್ಲಿ ಇನಿಷಿಯಲ್ ಹಾಕೋದು ನಮ್ಮ ಸಲಹೆ. ವಿಚಿತ್ರ ಅನ್ನಿಸಿದರೂ ಹೆಸರು ಪೂರ್ತಿ ಉಳಿಯುತ್ತೆ. ಫೈಲನ್ನು ರೆಪೋದ ಮೊದಲ ಫೋಲ್ಡರಿನಲ್ಲೇ ಇಟ್ಟರೆ ಪಕ್ಕದಲ್ಲಿ 'ಸೈಟ್ ದಿಸ್ ರೆಪಾಸಿಟರಿ' ಅನ್ನೋ ಆಯ್ಕೆ ಕಾಣಿಸುತ್ತೆ. ಅದನ್ನು ಒತ್ತಿ, ತಂಡದ ನಾಲ್ಕೂ ಜನರ ಹೆಸರು ಹೇಗೆ ಬಂದಿದೆ ಅಂತ ಸಬ್‌ಮಿಟ್ ಮಾಡೋ ಮುಂಚೆ ನೋಡಿಬಿಡಿ.