ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂತಾ? ಕೈಗೆ ಕಬ್ಬಿಣ ಕೊಡಬೇಡಿ, ಮಗ್ಗುಲಾಗಿ ಮಲಗಿಸಿ

ಮಳೆಗಾಲ, ಚಳಿಗಾಲ ಬಂತೆಂದರೆ ಮನೆಮನೆಯಲ್ಲೂ ಮಕ್ಕಳಿಗೆ ಶೀತ, ಕೆಮ್ಮು, ಜ್ವರ. ಅಂಗನವಾಡಿಯಲ್ಲಿ ಒಂದು ಮಗುವಿಗೆ ಬಂದ್ರೆ ವಾರದೊಳಗೆ ಪಕ್ಕದ ಮಕ್ಕಳಿಗೂ ಅಂಟುತ್ತೆ. ಇನ್‌ಫ್ಲುಯೆಂಜಾ, ಆರ್‌ಎಸ್‌ವಿ, ಅಡೆನೋವೈರಸ್‌ನಂಥ ವೈರಸ್‌ಗಳೇ ಇದಕ್ಕೆ ಮುಖ್ಯ ಕಾರಣ. ಬಹುತೇಕ ಮಕ್ಕಳು ಕೆಲ ದಿನಗಳಲ್ಲಿ ತಾವಾಗೇ ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರಲ್ಲಿ ಜ್ವರ ಏರುವಾಗ ಇದ್ದಕ್ಕಿದ್ದಂತೆ ಕಣ್ಣು ಮೇಲಾಗಿ, ಕೈಕಾಲು ಸೆಟೆದು ಅದುರತೊಡಗುತ್ತವೆ. ಊರ ಕಡೆ ‘ಜ್ವರ ನೆತ್ತಿಗೇರಿತು’ ಅನ್ನೋದು ಇದಕ್ಕೇ.

ಯಾರಿಗೆ ಬರುತ್ತೆ?

6 ತಿಂಗಳಿಂದ 5 ವರ್ಷದ ಮಕ್ಕಳಿಗೆ. ನೂರರಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗಬಹುದು. ಬೆಳೆಯುತ್ತಿರುವ ಮೆದುಳು ಜ್ವರವನ್ನು ತಾಳಿಕೊಳ್ಳದೇ ಇರೋದು ಕಾರಣ. ಅಪ್ಪ-ಅಮ್ಮನಿಗೆ ಚಿಕ್ಕಂದಿನಲ್ಲಿ ಬಂದಿದ್ದರೆ ಮಗುವಿಗೂ ಬರುವ ಸಾಧ್ಯತೆ ಜಾಸ್ತಿ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮತ್ತೆ ಬರಬಹುದು. ಹಾಗಂತ ಇದು ಮೂರ್ಛೆರೋಗವಲ್ಲ. ಸಾಮಾನ್ಯವಾಗಿ ಬುದ್ಧಿ ಬೆಳವಣಿಗೆಗೂ ತೊಂದರೆಯಿಲ್ಲ.

ತಕ್ಷಣ ಏನು ಮಾಡಬೇಕು?

* ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ. ಜೊಲ್ಲು, ವಾಂತಿ ಹೊರಗೆ ಹರಿದುಹೋಗಲಿ.
* ಗಡಿಯಾರ ನೋಡಿ. ಆಗೋದಾದ್ರೆ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ, ವೈದ್ಯರಿಗೆ ಅನುಕೂಲ.
* ಬಿಗಿ ಬಟ್ಟೆ ಸಡಿಲಿಸಿ, ಸುತ್ತ ಜನ ಮುತ್ತಬೇಡಿ.

ಏನು ಮಾಡಬಾರದು?

ಬಾಯಿಗೆ ಚಮಚ, ಬೆರಳು, ನೀರು, ಔಷಧಿ ಯಾವುದನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬರೆ ಹಾಕಿಸೋದಂತೂ ಬೇಡವೇ ಬೇಡ. ‘ಬೀಗದ ಕೀ ಕೊಟ್ಟ ಕೂಡಲೇ ನಿಂತೋಯ್ತು’ ಅಂತಾರಲ್ಲ, ಹೆಚ್ಚಿನ ಫಿಟ್ಸ್ ಎರಡು-ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಹೆಸರು ಮಾತ್ರ ಕಬ್ಬಿಣಕ್ಕೆ!

108ಕ್ಕೆ ಯಾವಾಗ?

5 ನಿಮಿಷವಾದರೂ ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾಗಿದ್ದರೆ, ಒಂದೇ ಕಡೆಯ ಕೈಕಾಲು ಅದುರಿದರೆ, ಅದೇ ದಿನ ಮತ್ತೆ ಬಂದರೆ, ಕತ್ತು ಬಿಗಿದಿದ್ದರೆ, ನಿಂತ ಮೇಲೂ ಮಗು ಎಚ್ಚರವಾಗದಿದ್ದರೆ ತಡಮಾಡಬೇಡಿ. ಆಸ್ಪತ್ರೆ ದೂರದ ಹಳ್ಳಿಯವರು 5 ನಿಮಿಷ ಕಾಯದೆ ಮೊದಲೇ ಕರೆ ಮಾಡಿ. ಮೊದಲ ಸಲ ಬಂದಿದ್ದರೆ, ನಿಂತಿದ್ದರೂ ಅವತ್ತೇ ವೈದ್ಯರಿಗೆ ತೋರಿಸಲೇಬೇಕು.

ಸಿರಪ್ ವಿಷಯದಲ್ಲಿ ಹುಷಾರ್

ಪ್ಯಾರಾಸಿಟಮಾಲ್ ಮಗುವಿನ ಸಂಕಟ ಕಡಿಮೆ ಮಾಡುತ್ತೆ, ಫಿಟ್ಸ್ ತಡೆಯುತ್ತೆ ಅನ್ನೋ ಖಾತ್ರಿ ಇಲ್ಲ. ಡೋಸ್ ಲೆಕ್ಕ ವಯಸ್ಸಿಗಲ್ಲ, ತೂಕಕ್ಕೆ: ಕಿಲೋಗೆ 10ರಿಂದ 15 ಮಿಲಿಗ್ರಾಂ. ಬಾಟಲಿಗಳ ಸ್ಟ್ರೆಂತ್ ಒಂದೇ ಇರಲ್ಲ. 5 ಎಂಎಲ್‌ಗೆ 120 ಮಿಲಿಗ್ರಾಂ ಇರೋದೂ ಇದೆ, 250 ಇರೋದೂ ಇದೆ. ಹನಿ ಔಷಧಿಯಲ್ಲಿ 1 ಎಂಎಲ್‌ಗೇ 100. ಹನಿ ಔಷಧಿಯನ್ನು ಸಿರಪ್ ಲೆಕ್ಕದಲ್ಲಿ ಕುಡಿಸಿದರೆ ಡೋಸ್ ಹಲವು ಪಟ್ಟು ಜಾಸ್ತಿಯಾಗಿಬಿಡುತ್ತೆ. ಮೆಡಿಕಲ್ ಶಾಪ್‌ನವರು ಮಗುವಿನ ತೂಕ ಕೇಳಿಯೇ ಕೊಡಿ, ಮನೆಯವರು ಲೇಬಲ್ ಓದಿಯೇ ಕುಡಿಸಿ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಬೇಡ. ವೈರಸ್ ಜ್ವರಕ್ಕೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ, ಚೀಟಿ ಇಲ್ಲದೆ ಕೇಳಲೂ ಬೇಡಿ, ಕೊಡಲೂ ಬೇಡಿ.