ವರ್ತಕರ ಜಾಲತಾಣ: ಕಡತ ಸ್ವೀಕಾರ, ಸೆಷನ್ ಮತ್ತು ದೋಷ ನಿರ್ವಹಣೆ

2018ರ ಫೆಬ್ರವರಿ 1ರಂದು ದೇಶದಾದ್ಯಂತ ಇ-ವೇ ಬಿಲ್ ಪದ್ಧತಿಯು ಕಡ್ಡಾಯವಾಗಿ ಜಾರಿಗೆ ಬರಬೇಕಾಗಿತ್ತು. ಮೊದಲ ದಿನವೇ ಜಾಲತಾಣವು ಒತ್ತಡವನ್ನು ತಾಳಲಾರದೆ ತೊಡಕಿಗೆ ಸಿಲುಕಿತು, ಜಾರಿಯನ್ನು ಮುಂದೂಡಬೇಕಾಯಿತು. ಅದೇ ವರ್ಷದ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಪದ್ಧತಿ ಜಾರಿಗೊಂಡಿತು, ಮತ್ತು ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅಳವಡಿಸಿದ ಮೊದಲ ರಾಜ್ಯ ಕರ್ನಾಟಕವಾಯಿತು. ಹೊಸದುರ್ಗದ ಕೊಬ್ಬರಿಯಾಗಲಿ, ಹೊಳಲ್ಕೆರೆಯ ಅಡಿಕೆಯಾಗಲಿ, ಹಿರಿಯೂರಿನ ಮೂಲಕ ಹೆದ್ದಾರಿ ಸೇರುವ ಯಾವುದೇ ಸರಕಾಗಲಿ, 50,000 ರೂಪಾಯಿ ಮೀರಿದರೆ ಜಾಲತಾಣವೊಂದರ ಉತ್ತರಕ್ಕಾಗಿ ಕಾಯಬೇಕೆಂಬುದು ಅಂದಿನಿಂದ ನಮ್ಮೆಲ್ಲರ ಅನುಭವ.

ಸರ್ಕಾರಿ ಜಾಲತಾಣಗಳ ಲೋಪಗಳನ್ನು ಕುರಿತು ನಾವು ಸಾಕಷ್ಟು ಮಾತನಾಡುತ್ತೇವೆ. ಆದರೆ ಈಗ ಅನೇಕ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ತಮ್ಮದೇ ಜಾಲತಾಣಗಳನ್ನು ಹೊಂದಿದ್ದಾರೆ. ಆದೇಶಪತ್ರ, ಮಾದರಿಯ ಛಾಯಾಚಿತ್ರ, ನೋಂದಣಿ ಪ್ರಮಾಣಪತ್ರಗಳನ್ನು ಗ್ರಾಹಕರಿಂದ ಅಲ್ಲಿಯೇ ಪಡೆಯುತ್ತಿದ್ದಾರೆ. ಅಲ್ಲಿ ಲೋಪವಾದರೆ ದೂರು ಬರುವುದಿಲ್ಲ, ಗ್ರಾಹಕರು ಮೌನವಾಗಿ ಬೇರೆ ಅಂಗಡಿಗೆ ಹೋಗುತ್ತಾರೆ. ಈ ಲೋಪಗಳಲ್ಲಿ ಬಹುಪಾಲು ಮೂರು ಕಡೆ ಕಂಡುಬರುತ್ತವೆ: ಕಡತಗಳ ಸ್ವೀಕಾರ, ಸೆಷನ್ ಮತ್ತು ದೋಷ ನಿರ್ವಹಣೆ. ಈ ಮೂರೂ ತಂತ್ರಜ್ಞರಿಗೆ ಮಾತ್ರ ಸೇರಿದ ವಿಷಯಗಳಲ್ಲ. ವ್ಯಾಪಾರದ ತೀರ್ಮಾನಗಳೂ ಹೌದು.

ಫ್ರೇಮ್‌ವರ್ಕ್ ಎಂದರೇನು?

ಇಂದು ಜಾಲತಾಣವನ್ನು ಯಾರೂ ಬುನಾದಿಯಿಂದ ಬರೆಯುವುದಿಲ್ಲ. ಲಾರವೆಲ್, ಜಾಂಗೋ, ಸ್ಟ್ರಟ್ಸ್, ಎಎಸ್‌ಪಿ ಡಾಟ್ ನೆಟ್ ಮೊದಲಾದ ಸಿದ್ಧ ಚೌಕಟ್ಟುಗಳ ಮೇಲೆ ಕಟ್ಟುತ್ತಾರೆ. ಇವುಗಳಿಗೇ ಫ್ರೇಮ್‌ವರ್ಕ್ ಎಂದು ಹೆಸರು. ಸಿದ್ಧ ಮಳಿಗೆಯನ್ನು ಬಾಡಿಗೆಗೆ ಪಡೆದಾಗ ಬಾಗಿಲು, ಬೀಗ, ತಕ್ಕಡಿಗಳು ಜೊತೆಗೆ ಬರುವಂತೆ, ಫ್ರೇಮ್‌ವರ್ಕಿನ ಜೊತೆಗೆ ಹಲವು ಪೂರ್ವನಿಗದಿತ ಮೌಲ್ಯಗಳು ಬರುತ್ತವೆ. ಅವು ಯಾರ ವ್ಯಾಪಾರವನ್ನೂ ನೋಡಿ ನಿಗದಿಪಡಿಸಿದವುಗಳಲ್ಲ. ಅವುಗಳನ್ನು ನಮ್ಮ ಅಗತ್ಯಕ್ಕೆ ಹೊಂದಿಸಿಕೊಳ್ಳುವುದೇ ಸಂರಚನೆಯ ಕೆಲಸ.

ಕಡತ ಸ್ವೀಕಾರ: ಅತಿ ಕಿರಿದಾದ ತೂಬಿನದೇ ಅಳತೆ

ಒಬ್ಬ ಕೊಬ್ಬರಿ ವರ್ತಕರು ಮಾದರಿಯ ಛಾಯಾಚಿತ್ರಗಳನ್ನು ಜಾಲತಾಣದ ಮೂಲಕ ತರಿಸಿಕೊಳ್ಳುತ್ತಾರೆಂದು ಭಾವಿಸೋಣ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವು 3ರಿಂದ 5 ಎಂಬಿ ಇರುವುದು ಸಾಮಾನ್ಯ. ಆದರೆ ಪಿಎಚ್‌ಪಿ ಭಾಷೆಯಲ್ಲಿ ಒಂದು ಕಡತದ ಪೂರ್ವನಿಗದಿತ ಮಿತಿ ಕೇವಲ 2 ಎಂಬಿ. ಇಡೀ ಅರ್ಜಿಯ ಮಿತಿ 8 ಎಂಬಿ. ಅದರ ಮುಂದೆ ನಿಲ್ಲುವ ಎನ್ಜಿನ್‌ಎಕ್ಸ್ ಸರ್ವರಿನ ಮಿತಿ 1 ಎಂಬಿ ಮಾತ್ರ. ಒಂದರ ಹಿಂದೆ ಒಂದು ಇರುವ ಈ ತೂಬುಗಳಲ್ಲಿ ಅತಿ ಕಿರಿದಾದದ್ದೇ ಹರಿವನ್ನು ನಿರ್ಧರಿಸುತ್ತದೆ. ಒಂದನ್ನು ಹಿಗ್ಗಿಸಿ ಉಳಿದವುಗಳನ್ನು ಮರೆತರೆ ಪ್ರಯೋಜನವಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪಿಎಚ್‌ಪಿಯಲ್ಲಿ ಒಟ್ಟು ಅರ್ಜಿಯ ಗಾತ್ರ ಮಿತಿ ಮೀರಿದರೆ, ಕಡತ ಮಾತ್ರವಲ್ಲ, ಗ್ರಾಹಕರು ತುಂಬಿದ ಹೆಸರು, ವಿಳಾಸ, ಪ್ರಮಾಣ ಎಲ್ಲವೂ ಬರಿದಾಗಿ ತಲುಪುತ್ತವೆ. ಆಗ ಸಾಮಾನ್ಯ ಜಾಲತಾಣವು ‘ಹೆಸರನ್ನು ನಮೂದಿಸಿ’ ಎಂದು ತಪ್ಪು ಸೂಚನೆಯನ್ನು ತೋರಿಸುತ್ತದೆ. ಹೆಸರನ್ನು ಆಗಲೇ ಬರೆದಿರುವ ಗ್ರಾಹಕರಿಗೆ ಏನೂ ಅರ್ಥವಾಗುವುದಿಲ್ಲ. ಆದ್ದರಿಂದ ಮಿತಿಯನ್ನು ಅರ್ಜಿಯ ಪಕ್ಕದಲ್ಲಿಯೇ ಮುದ್ರಿಸುವುದು, ಕಳುಹಿಸುವ ಮೊದಲೇ ಗಾತ್ರವನ್ನು ಪರೀಕ್ಷಿಸುವುದು, ಸಾಧ್ಯವಾದರೆ ಗ್ರಾಹಕರ ಮೊಬೈಲಿನಲ್ಲಿಯೇ ಚಿತ್ರವನ್ನು ಕುಗ್ಗಿಸುವುದು ಉತ್ತಮ. ಹಳ್ಳಿಗಳ ನಿಧಾನಗತಿಯ ಸಂಪರ್ಕದಲ್ಲಿ ಇದರಿಂದ ಸಮಯವೂ ಉಳಿಯುತ್ತದೆ.

ಹಾಗೆಂದು ಮಿತಿಯೇ ಬೇಡವೆನ್ನುವಂತಿಲ್ಲ. ಮಿತಿಯಿಲ್ಲದಿದ್ದರೆ ಯಾರು ಬೇಕಾದರೂ ಬೃಹತ್ ಕಡತಗಳನ್ನು ತುಂಬಿ ಸರ್ವರನ್ನು ನಿಲ್ಲಿಸಬಹುದು. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಮಾತ್ರ ನೋಡಿ ನಂಬುವುದೂ ಸಲ್ಲದು. ಚೀಲದ ಮೇಲಿನ ಚೀಟಿಯನ್ನು ನೋಡಿ ಯಾವ ವರ್ತಕರೂ ಬೆಲೆ ಕಟ್ಟುವುದಿಲ್ಲ, ಚೀಲಕ್ಕೆ ಕೈಹಾಕಿ ಕಾಳನ್ನು ನೋಡುತ್ತಾರೆ. ಹಾಗೆಯೇ ಒಳಗಿನ ಅಂಶವನ್ನು ಪರೀಕ್ಷಿಸಬೇಕು. ಕಡತಕ್ಕೆ ನಮ್ಮದೇ ಹೊಸ ಹೆಸರನ್ನು ಕೊಡಬೇಕು. ಜಾಲತಾಣದ ಮೂಲಕ ನೇರವಾಗಿ ತೆರೆಯಲಾಗದ ಪ್ರತ್ಯೇಕ ಸ್ಥಳದಲ್ಲಿ ಇಡಬೇಕು. ಚಿತ್ರದ ವೇಷದಲ್ಲಿ ಬಂದ ಆಜ್ಞಾ ಕಡತವೊಂದು ಸರ್ವರಿನಲ್ಲಿ ಚಾಲನೆಗೊಂಡರೆ ಇಡೀ ಜಾಲತಾಣವೇ ಪರರ ವಶವಾಗುತ್ತದೆ.

ಸೆಷನ್: ನೆನಪಿನ ಚೀಟಿ

ಜಾಲತಾಣಕ್ಕೆ ಸಹಜವಾಗಿ ನೆನಪಿನ ಶಕ್ತಿಯಿಲ್ಲ. ಒಂದು ಪುಟದಿಂದ ಮತ್ತೊಂದಕ್ಕೆ ಹೋದ ಗ್ರಾಹಕರು ಅವರೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಲಾಗಿನ್ ಆದ ಕೂಡಲೇ ಒಂದು ಗುಪ್ತ ಸಂಖ್ಯೆಯ ಚೀಟಿಯನ್ನು ಬ್ರೌಸರಿಗೆ ಕೊಡುತ್ತದೆ. ಆ ಚೀಟಿಯ ಆಧಾರದಿಂದ ನಡೆಯುವ ವ್ಯವಹಾರವೇ ಸೆಷನ್. ಚೀಟಿ ಎಷ್ಟು ಹೊತ್ತು ಸಲ್ಲುತ್ತದೆ ಎಂಬುದು ಫ್ರೇಮ್‌ವರ್ಕಿನಿಂದ ಫ್ರೇಮ್‌ವರ್ಕಿಗೆ ಬೇರೆ: ಪಿಎಚ್‌ಪಿಯಲ್ಲಿ 1,440 ಸೆಕೆಂಡು, ಅಂದರೆ 24 ನಿಮಿಷ, ಎಎಸ್‌ಪಿ ಡಾಟ್ ನೆಟ್‌ನಲ್ಲಿ 20 ನಿಮಿಷ, ಲಾರವೆಲ್‌ನಲ್ಲಿ 120 ನಿಮಿಷ, ಜಾಂಗೋದಲ್ಲಿ ಎರಡು ವಾರ.

ಅವಧಿ ಅತಿ ಕಡಿಮೆಯಾದರೆ, ಇಪ್ಪತ್ತು ಸಾಲುಗಳ ಆದೇಶವನ್ನು ತುಂಬುತ್ತಿರುವಾಗ ದೂರವಾಣಿ ಕರೆಗೆ ಎದ್ದುಹೋದ ಗ್ರಾಹಕರು ಮರಳುವ ವೇಳೆಗೆ ಎಲ್ಲವೂ ಅಳಿಸಿಹೋಗಿರುತ್ತದೆ. ಅತಿ ಹೆಚ್ಚಾದರೆ, ಹಲವರು ಬಳಸುವ ಗಣಕಯಂತ್ರದಲ್ಲಿ ಒಬ್ಬರ ಲೆಕ್ಕ ಮತ್ತೊಬ್ಬರಿಗೆ ತೆರೆದುಕೊಳ್ಳುತ್ತದೆ. ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಒಂದೇ ಯಂತ್ರದಲ್ಲಿ ಹತ್ತಾರು ವರ್ತಕರ ವಿವರಣೆಗಳು ಸಲ್ಲಿಕೆಯಾಗುವುದನ್ನು ಬಲ್ಲವರಿಗೆ ಇದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಕೇವಲ ದರಪಟ್ಟಿ ನೋಡುವ ಪುಟಕ್ಕೆ ದೀರ್ಘ ಅವಧಿಯೂ, ಹಣ ಮತ್ತು ದಾಖಲೆಗಳ ಪುಟಕ್ಕೆ ಅಲ್ಪ ಅವಧಿಯೂ ಸೂಕ್ತ. ಅಲ್ಪ ಅವಧಿಯನ್ನು ಇಟ್ಟಲ್ಲಿ, ಅರೆಬರೆ ತುಂಬಿದ ಅರ್ಜಿಯನ್ನು ಕರಡಾಗಿ ಉಳಿಸುವ ಏರ್ಪಾಡು ಜೊತೆಗಿರಬೇಕು. ವಿದ್ಯುತ್ ಕಡಿತವು ಅಪರೂಪವಲ್ಲದ ನಮ್ಮ ಊರುಗಳಲ್ಲಿ ಇದು ಅನಿವಾರ್ಯವೆಂದೇ ಹೇಳಬೇಕು.

ಕಡಿಮೆ ಬೆಲೆಯ ಹಂಚಿಕೆಯ ಸರ್ವರುಗಳನ್ನು ಆಯ್ದುಕೊಳ್ಳುವವರು ಮತ್ತೊಂದು ಅಂಶವನ್ನು ಗಮನಿಸಬೇಕು. ಪಿಎಚ್‌ಪಿಯಲ್ಲಿ ಹಲವು ಜಾಲತಾಣಗಳ ಸೆಷನ್‌ಗಳು ಒಂದೇ ಕಡತಕೋಶದಲ್ಲಿದ್ದರೆ, ಅತಿ ಕಡಿಮೆ ಅವಧಿ ನಿಗದಿಪಡಿಸಿದ ಜಾಲತಾಣವು ಶುಚಿ ಮಾಡುವಾಗ ನೆರೆಯವರ ಚೀಟಿಗಳನ್ನೂ ಅಳಿಸುತ್ತದೆ. ನಾವು ಎರಡು ಗಂಟೆ ಎಂದು ಬರೆದಿದ್ದರೂ ಗ್ರಾಹಕರು ಅರ್ಧ ಗಂಟೆಯಲ್ಲೇ ಹೊರಬೀಳಲು ಇದು ಒಂದು ಕಾರಣ. ಪ್ರತ್ಯೇಕ ಕಡತಕೋಶವನ್ನು ಕೇಳಿ ಪಡೆಯುವುದೇ ಇದಕ್ಕೆ ಪರಿಹಾರ. ಲಾಗಿನ್ ಆದೊಡನೆ ಚೀಟಿಯ ಸಂಖ್ಯೆಯನ್ನು ಬದಲಿಸುವುದು, ಸುರಕ್ಷಿತ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಮಾತ್ರ ಅದನ್ನು ಕಳುಹಿಸುವುದು, ಲಾಗ್‌ಔಟ್ ಮಾಡಿದಾಗ ಸರ್ವರಿನಲ್ಲಿಯೂ ಅದನ್ನು ರದ್ದುಪಡಿಸುವುದು ಕಡ್ಡಾಯವಾಗಿರಬೇಕು.

ದೋಷ ನಿರ್ವಹಣೆ: ಕೋಡಿಯ ಪಾಠ

1907ರಲ್ಲಿ ಪೂರ್ಣಗೊಂಡ ನಮ್ಮ ಮಾರಿಕಣಿವೆ ಜಲಾಶಯವು 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ; ಆಮೇಲೆ 2025ರ ಜನವರಿಯಲ್ಲಿ. ಎರಡು ತಲೆಮಾರುಗಳು ಕಾಣದಿದ್ದ ನೀರಿಗೂ ಹೋಗಲು ದಾರಿ ಸಿದ್ಧವಿತ್ತು. ದೋಷ ನಿರ್ವಹಣೆಯೆಂದರೆ ಇಂತಹ ಕೋಡಿ. ದೋಷ ಬಾರದೆಂದು ನಂಬಿ ಕಟ್ಟುವುದಲ್ಲ, ಬಂದಾಗ ಎಲ್ಲಿಗೆ ಹರಿಯಬೇಕೆಂದು ಮೊದಲೇ ಗೊತ್ತುಪಡಿಸುವುದು.

ದೋಷವು ಎರಡು ಕಡೆಗೆ ಹರಿಯಬೇಕು. ಗ್ರಾಹಕರಿಗೆ ಸರಳ ಕನ್ನಡದಲ್ಲಿ ಏನಾಯಿತು, ಮುಂದೇನು ಮಾಡಬೇಕು ಎಂಬುದು ಮತ್ತು ಒಂದು ಉಲ್ಲೇಖ ಸಂಖ್ಯೆ. ನಿರ್ವಾಹಕರ ದಾಖಲೆ ಪುಸ್ತಕಕ್ಕೆ ಪೂರ್ಣ ತಾಂತ್ರಿಕ ವಿವರ. ಇವೆರಡೂ ಅದಲುಬದಲಾದರೆ ಅನರ್ಥ. ಜಾಂಗೋ, ಲಾರವೆಲ್‌ಗಳಲ್ಲಿ ಅಭಿವೃದ್ಧಿಯ ಕಾಲಕ್ಕೆಂದು ‘ಡೀಬಗ್’ ಎಂಬ ಸ್ಥಿತಿಯಿದೆ. ಜಾಲತಾಣ ಆರಂಭವಾದ ಮೇಲೂ ಅದನ್ನು ತೆರೆದಿಟ್ಟರೆ, ಒಳಗಿನ ಕಡತಗಳ ಹಾದಿ, ಸಂರಚನೆಯ ವಿವರ, ಕೆಲವೊಮ್ಮೆ ದತ್ತಸಂಚಯದ ಗುಪ್ತಪದವೂ ಅಪರಿಚಿತರ ಪರದೆಯ ಮೇಲೆ ಮೂಡಬಹುದು. ಪಿಎಚ್‌ಪಿಯ ‘ಡಿಸ್‌ಪ್ಲೇ ಎರರ್ಸ್’ ಕೂಡ ಹೀಗೆಯೇ ಮುಚ್ಚಿರಬೇಕು.

ಜಿಎಸ್‌ಟಿಆರ್-1ರ ಕಡತವನ್ನು ಜಿಎಸ್‌ಟಿ ಜಾಲತಾಣಕ್ಕೆ ಏರಿಸಿದಾಗ, ಸರಿಯಿರುವ ಸಾಲುಗಳನ್ನು ಸ್ವೀಕರಿಸಿ, ತಪ್ಪಿರುವ ಸಾಲುಗಳನ್ನು ಮಾತ್ರ ಕಾರಣಸಹಿತವಾಗಿ ದೋಷ ವರದಿಯಲ್ಲಿ ಹಿಂತಿರುಗಿಸುವ ಕ್ರಮವಿದೆ. ಮಾಸಿಕವಾಗಿ ಸಲ್ಲಿಸುವವರು 11ನೆಯ ತಾರೀಖಿನ ಗಡುವಿನಲ್ಲಿ ಇಡೀ ಕಡತವನ್ನು ಮತ್ತೆ ಸಿದ್ಧಪಡಿಸಬೇಕಾಗಿಲ್ಲ. ಈ ಒಂದು ಕ್ರಮವನ್ನು ನಮ್ಮ ಆದೇಶಪತ್ರಗಳಲ್ಲಿಯೂ ಅನುಸರಿಸಬಹುದು.

ನಿರ್ಲಕ್ಷ್ಯದ ಬೆಲೆ

ಕಡತ ಸ್ವೀಕಾರ ಮತ್ತು ದೋಷ ನಿರ್ವಹಣೆ ಎರಡೂ ಒಟ್ಟಿಗೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸಾಲಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ನ ಪ್ರಕರಣವೇ ಸಾಕ್ಷಿ. ಅಪಾಚೆ ಸ್ಟ್ರಟ್ಸ್ ಫ್ರೇಮ್‌ವರ್ಕಿನಲ್ಲಿ ಕಡತಗಳನ್ನು ಸ್ವೀಕರಿಸುವ ಭಾಗವು, ತಪ್ಪು ಶಿರೋಲೇಖ ಬಂದಾಗ ದೋಷಸಂದೇಶವನ್ನು ರಚಿಸುತ್ತಾ, ಅದರಲ್ಲಿ ಅಡಗಿದ ಆಜ್ಞೆಯನ್ನೇ ಚಾಲನೆ ಮಾಡುತ್ತಿತ್ತು. 2017ರ ಮಾರ್ಚ್ ಮೊದಲ ವಾರದಲ್ಲಿಯೇ ಪರಿಹಾರ ಪ್ರಕಟವಾಗಿತ್ತು. ಸಂಸ್ಥೆ ಅದನ್ನು ಸಕಾಲದಲ್ಲಿ ಅಳವಡಿಸಲಿಲ್ಲ. ಮೇ ತಿಂಗಳಲ್ಲಿ ಒಳನುಗ್ಗಿದವರು ಪತ್ತೆಯಾದದ್ದು ಜುಲೈ ಕೊನೆಯಲ್ಲಿ. ಸುಮಾರು 14.7 ಕೋಟಿ ಜನರ ವಿವರಗಳು ಸೋರಿಹೋದವು. 2019ರಲ್ಲಿ ಸಂಸ್ಥೆಯು ಕನಿಷ್ಠ 57.5 ಕೋಟಿ ಡಾಲರುಗಳ ಪರಿಹಾರಕ್ಕೆ ಒಪ್ಪಬೇಕಾಯಿತು.

ನಾವು ಚಿಕ್ಕವರು, ನಮಗೇಕೆ ಎನ್ನುವಂತಿಲ್ಲ. ಸೈಬರ್ ಘಟನೆಗಳನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಕಾಪಾಡಬೇಕು ಎಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ರಕ್ಷಣಾ ಲೋಪಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶ ನೀಡಿದೆ.

ಹಣ ಪಾವತಿಸುವ ಮೊದಲು

ಜಾಲತಾಣವನ್ನು ನಿರ್ಮಿಸಿಕೊಡುವವರಿಂದ ಸದಸ್ಯ ಬಾಂಧವರು ಈ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಪಡೆಯುವುದು ಒಳಿತು:

1. ಒಂದು ಕಡತದ ಮತ್ತು ಒಟ್ಟು ಅರ್ಜಿಯ ಮಿತಿ ಎಷ್ಟು? ಎಲ್ಲ ಹಂತಗಳಲ್ಲಿಯೂ ಅದು ಹೊಂದಿಕೆಯಾಗಿದೆಯೇ?
2. ಕಡತದ ಒಳಾಂಶವನ್ನು ಪರೀಕ್ಷಿಸಲಾಗುತ್ತದೆಯೇ? ಅದನ್ನು ಎಲ್ಲಿ ಇಡಲಾಗುತ್ತದೆ?
3. ಸೆಷನ್ ಅವಧಿ ಎಷ್ಟು? ಕರಡು ಉಳಿಯುತ್ತದೆಯೇ?
4. ಡೀಬಗ್ ಸ್ಥಿತಿಯನ್ನು ಮುಚ್ಚಲಾಗಿದೆಯೇ?
5. ದೋಷ ದಾಖಲೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಓದುತ್ತಾರೆ?
6. ಫ್ರೇಮ್‌ವರ್ಕಿನ ಸುರಕ್ಷತಾ ಪರಿಷ್ಕರಣೆಗಳನ್ನು ಅಳವಡಿಸುವ ಹೊಣೆ ಯಾರದು?

ಬಳಿಕ ಸ್ವತಃ ಒಂದು ಸಾಧಾರಣ ಮೊಬೈಲಿನಿಂದ 5 ಎಂಬಿ ಚಿತ್ರವನ್ನು ಕಳುಹಿಸಿ, ಅರ್ಜಿಯನ್ನು ಅರ್ಧಕ್ಕೆ ಬಿಟ್ಟು ಅರ್ಧ ಗಂಟೆಯ ನಂತರ ಮರಳಿ ಪರೀಕ್ಷಿಸಬೇಕು. ಈ ಪರೀಕ್ಷೆಗೆ ಖರ್ಚಿಲ್ಲ; ಒಂದು ಮಧ್ಯಾಹ್ನ ಸಾಕು. ಈ ಮೌಲ್ಯಗಳನ್ನು ತಿದ್ದಲು ತಂತ್ರಜ್ಞರಿಗೆ ಬೇಕಾಗುವುದೂ ಬಹುತೇಕ ಕೆಲವು ಸಾಲುಗಳೇ. ಆದರೆ ಯಾವ ಮೌಲ್ಯ ಸರಿ ಎಂಬುದನ್ನು, ತನ್ನ ಗ್ರಾಹಕರು ಯಾರು, ಅವರು ಹೇಗೆ ವ್ಯವಹರಿಸುತ್ತಾರೆ ಎಂಬುದನ್ನು ಬಲ್ಲ ವರ್ತಕರೇ ನಿರ್ಧರಿಸಬೇಕು.