ಹರಾಜಾಗಿ ಹೋದ ಊರು

1983ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇಡೀ ಒಂದು ಊರನ್ನೇ ಹರಾಜು ಹಾಕಲಾಯಿತು. ಕೊಂಡವರು ಮನೆಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಹೋದರು. ಸುಮಾರು ಸಾವಿರ ಜನ ಬಾಳಿದ ಜಾಗದಲ್ಲಿ ಉಳಿದದ್ದು ಬರಿದಾದ ರಸ್ತೆಗಳು, ಕಾಂಕ್ರೀಟ್ ತಳಪಾಯಗಳು, ಯಾರೋ ನೆಟ್ಟು ಬೆಳೆಸಿದ್ದ ಮರಗಳು. ಆ ಊರಿನ ಹೆಸರು ಮೇರಿ ಕ್ಯಾಥಲೀನ್. ಯುರೇನಿಯಂಗಾಗಿ ಹುಟ್ಟಿ, ಯುರೇನಿಯಂ ಮುಗಿದಾಗ ಮುಗಿದುಹೋದ ಊರು ಅದು.

ಕ್ಲಾನ್‌ಕರಿ ಮತ್ತು ಮೌಂಟ್ ಐಸಾ ಪಟ್ಟಣಗಳ ನಡುವಿನ ಈ ಪ್ರದೇಶ ಕಲ್ಲುಗುಡ್ಡಗಳ, ಬಿರುಬಿಸಿಲಿನ ಸೀಮೆ. ಕಲ್ಕಡೂನ್ ಎಂಬ ಮೂಲನಿವಾಸಿಗಳ ನೆಲ. 1954ರಲ್ಲಿ ಕ್ಲೆಮ್ ವಾಲ್ಟನ್ ಮತ್ತು ನಾರ್ಮ್ ಮೆಕಾನಕಿ ಎಂಬುವರು ಇಲ್ಲಿ ಯುರೇನಿಯಂ ಅದಿರನ್ನು ಪತ್ತೆ ಹಚ್ಚಿದರು. ಮೆಕಾನಕಿಯ ಪತ್ನಿ ಮೇರಿ ಕ್ಯಾಥಲೀನ್ ಆಗಷ್ಟೇ ತೀರಿಕೊಂಡಿದ್ದರು. ಆಕೆಯ ನೆನಪಿಗಾಗಿ ಅದೇ ಹೆಸರನ್ನು ನಿಕ್ಷೇಪಕ್ಕೆ ಇಟ್ಟರು. ಮುಂದೆ ಊರಿಗೂ ಅದೇ ಹೆಸರಾಯಿತು.

ಅದು ಅಣ್ವಸ್ತ್ರ ಪೈಪೋಟಿಯ ಕಾಲ. ಬಾಂಬು ತಯಾರಿಕೆಗೂ ಹೊಸ ಅಣು ಸ್ಥಾವರಗಳಿಗೂ ಬ್ರಿಟನ್ನಿಗೆ ಯುರೇನಿಯಂ ಬೇಕಾಗಿತ್ತು. ರಿಯೋ ಟಿಂಟೋ ಕಂಪೆನಿ ನಿಕ್ಷೇಪದ ಮೇಲೆ ಹಿಡಿತ ಸಾಧಿಸಿತು. 1956ರಲ್ಲಿ ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದೊಡನೆ 4 ಕೋಟಿ ಪೌಂಡ್ ಮೊತ್ತದ ಮಾರಾಟ ಒಪ್ಪಂದವಾಯಿತು. ಆ ಒಪ್ಪಂದದ ಬಲದ ಮೇಲೆಯೇ ಊರು ಎದ್ದಿತು. ಮನೆಗಳು, ಶಾಲೆ, ಆಸ್ಪತ್ರೆ, ಚಿತ್ರಮಂದಿರ, ಈಜುಕೊಳ ಎಲ್ಲವೂ ಬಂದವು. ಕೊರೆಲ್ಲ ನದಿಗೆ ಅಣೆಕಟ್ಟು ಕಟ್ಟಿ ನೀರು ತರಲಾಯಿತು. 1958ರಲ್ಲಿ ಉತ್ಪಾದನೆ ಆರಂಭವಾಯಿತು.

ಆದರೆ ಕೊಳ್ಳುವವರು ಒಬ್ಬರೇ. ಬ್ರಿಟನ್ನಿಗೆ ಕೊಡಬೇಕಾದಷ್ಟನ್ನು ಕೊಟ್ಟು ಮುಗಿಸಿದ ಕೂಡಲೇ, 1963ರಲ್ಲಿ, ಗಣಿ ಬಾಗಿಲು ಹಾಕಿತು. ಜನ ಚದುರಿದರು. ಕೆಲವೇ ಕಾವಲುಗಾರರ ಕೈಗೆ ಊರನ್ನು ಒಪ್ಪಿಸಲಾಯಿತು.

ಮೇರಿ ಕ್ಯಾಥಲೀನ್‌ಗೆ ಎರಡನೆಯ ಜನ್ಮವೂ ಇತ್ತು. 1970ರ ದಶಕದಲ್ಲಿ ಹಲವು ದೇಶಗಳು ವಿದ್ಯುತ್ತಿಗಾಗಿ ಅಣು ಸ್ಥಾವರಗಳತ್ತ ತಿರುಗಿದವು. ತೈಲ ಬಿಕ್ಕಟ್ಟು ಆ ಅವಸರವನ್ನು ಹೆಚ್ಚಿಸಿತು. ಹೊಸ ಗಿರಾಕಿಗಳು ಸಿಕ್ಕರು, ಸರ್ಕಾರವೂ ಬಂಡವಾಳ ಹೂಡಿತು, 1976ರಲ್ಲಿ ಗಣಿ ಮತ್ತೆ ಕೆಲಸ ಶುರುಮಾಡಿತು. ಈ ಸಲ ಕಾಲ ಬದಲಾಗಿತ್ತು. ಗಣಿಗೆ ಹೋಗುವ ಸರಕನ್ನು ಸಾಗಿಸಲು ಒಪ್ಪದ ರೈಲ್ವೆ ನೌಕರನೊಬ್ಬನನ್ನು ಅಮಾನತು ಮಾಡಿದ್ದಕ್ಕೆ ಅದೇ ವರ್ಷ ದೇಶದಾದ್ಯಂತ ರೈಲು ಮುಷ್ಕರ ನಡೆಯಿತು. ಗಣಿ ಕಂಪೆನಿಯ ಕಾಗದಪತ್ರಗಳು ಪರಿಸರವಾದಿಗಳ ಕೈಗೆ ಸಿಕ್ಕು, ಯುರೇನಿಯಂ ಉತ್ಪಾದಕರು ಗುಟ್ಟಾಗಿ ಕೂಟ ಕಟ್ಟಿಕೊಂಡು ಬೆಲೆ ನಿಗದಿ ಮಾಡುತ್ತಿದ್ದ ಸಂಗತಿಯೂ ಬಯಲಾಯಿತು.

ಆದರೂ ಊರನ್ನು ಮುಗಿಸಿದ್ದು ವಿರೋಧವಲ್ಲ. ಅದಿರು ತೀರುತ್ತ ಬಂದಿತ್ತು, ಒಪ್ಪಂದಗಳೂ ಮುಗಿದಿದ್ದವು. 1982ರಲ್ಲಿ ಗಣಿ ಶಾಶ್ವತವಾಗಿ ನಿಂತಿತು, ಮರುವರ್ಷ ಹರಾಜು. ಒಂದು ಕಂಪೆನಿ ಒಂದೇ ಸರಕಿಗಾಗಿ ಕಟ್ಟಿದ ಊರಿನಲ್ಲಿ ಆ ಸರಕು ಹೋದ ಮೇಲೆ ಜನರನ್ನು ಹಿಡಿದಿಡುವಂಥದ್ದು ಬೇರೇನೂ ಇರಲಿಲ್ಲ. ಕೆಲವು ಕಟ್ಟಡಗಳು ಇಂದಿಗೂ ಕ್ಲಾನ್‌ಕರಿಯ ಸ್ಮಾರಕ ಉದ್ಯಾನದಲ್ಲಿವೆ.

ಊರನ್ನು ಹೊತ್ತೊಯ್ಯಬಹುದು, ಗಣಿಯ ಕಸವನ್ನು ಹಾಗೆ ಹೊತ್ತೊಯ್ಯಲಾಗದು. ಅದಿರನ್ನು ಪುಡಿ ಮಾಡಿ, ಆಮ್ಲದಲ್ಲಿ ಯುರೇನಿಯಂ ಕರಗಿಸಿ ಬೇರ್ಪಡಿಸುತ್ತಾರೆ. ಇಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದದ್ದು ಸುಮಾರು ಒಂದು ಕಿಲೋ ಯುರೇನಿಯಂ ಆಕ್ಸೈಡ್. ಉಳಿದದ್ದೆಲ್ಲ ಕೆಸರಾಗಿ ಕಟ್ಟೆಯೊಳಗೆ ಸೇರುತ್ತದೆ. ಯುರೇನಿಯಂ ಹೋದರೂ ಅದಿರಿನ ವಿಕಿರಣದ ಶೇಕಡ 85ರಷ್ಟು ಈ ಕೆಸರಿನಲ್ಲೇ ಇರುತ್ತದೆ. ಕಾರಣ, ಯುರೇನಿಯಂ ಕ್ಷಯಿಸಿ ಹುಟ್ಟುವ ರೇಡಿಯಂ, ಥೋರಿಯಂ ಮೊದಲಾದವು ಅಲ್ಲಿಯೇ ಉಳಿಯುತ್ತವೆ.

ಮೇರಿ ಕ್ಯಾಥಲೀನ್‌ನಲ್ಲಿ ಈ ಕೆಸರಿನ ಮೇಲೆ ಕಲ್ಲು ಮಣ್ಣುಗಳ ಹೊದಿಕೆ ಹಾಸಿ, 1985ರ ಹೊತ್ತಿಗೆ ನೆಲವನ್ನು ಸರಿಪಡಿಸುವ ಕೆಲಸ ಮುಗಿಸಲಾಯಿತು. ಆಸ್ಟ್ರೇಲಿಯಾದಲ್ಲಿ ಇಂಥ ದೊಡ್ಡ ಪ್ರಯತ್ನ ಇದೇ ಮೊದಲು. ಎಂಜಿನಿಯರುಗಳ ಸಂಸ್ಥೆಯ ಪ್ರಶಸ್ತಿಯೂ ಬಂತು. ಆದರೆ 2005ರಲ್ಲಿ ಪ್ರಕಟವಾದ ಭೂವಿಜ್ಞಾನಿಗಳ ಅಧ್ಯಯನವೊಂದು, ಕಟ್ಟೆಯಿಂದ ಲೋಹಗಳನ್ನೂ ವಿಕಿರಣಶೀಲ ಅಂಶಗಳನ್ನೂ ಹೊತ್ತ ಆಮ್ಲೀಯ ನೀರು ಜಿನುಗುತ್ತಿದೆ ಎಂದು ತೋರಿಸಿತು.

ಇಂದು ಅಲ್ಲಿಗೆ ಹೋಗುವ ಪ್ರವಾಸಿಗರ ಕಣ್ಣು ಸೆಳೆಯುವುದು ಗಣಿಯ ಹಳ್ಳದಲ್ಲಿ ತುಂಬಿ ನಿಂತ ನೀಲಿ-ಹಸಿರು ನೀರು. ನೋಡಲು ಸುಂದರ, ಕುಡಿಯಲು ತಕ್ಕುದಲ್ಲ. ಊರು ಬಾಳಿದ್ದು ಮೂವತ್ತು ವರ್ಷಕ್ಕಿಂತ ಕಡಿಮೆ. ಹೊದಿಕೆಯ ಕೆಳಗಿರುವ ರೇಡಿಯಂನಲ್ಲಿ ಅರ್ಧ ಕ್ಷಯಿಸಲು 1,600 ವರ್ಷ ಬೇಕು. ಥೋರಿಯಂ-230ಕ್ಕೆ ಸುಮಾರು 75,000 ವರ್ಷ. ಅಲ್ಲಿಯವರೆಗೆ ಆ ಕಟ್ಟೆಯನ್ನು ಯಾರಾದರೂ ಕಾಯುತ್ತಲೇ ಇರಬೇಕು. ಕಾಯಲು ಅಲ್ಲಿ ಊರಿಲ್ಲ.